ಖಾಲಿ ಮನೆ ಸಂಖ್ಯೆಯ ಮೂವರು

"ಇಪ್ಪತ್ಮೂರನೇ ಕುಟುಂಬಕ್ಕೆ ಮನೆ ಸಂಖ್ಯೆನೇ ಇಲ್ವಲ್ಲಮ್ಮ, ಏನಿದು?"

ಸಾಹೇಬರು ಪಟ್ಟಿಯನ್ನು ಮೇಜಿನ ಮೇಲೆ ಎಸೆದಾಗ ಪುನರ್ವಸತಿ ಕಚೇರಿಯ ಕಂಪ್ಯೂಟರಿನಲ್ಲಿ ಪಟ್ಟಿ ಮಾಡುವ ಕಂಪ್ಯೂಟರಕ್ಕ ಅದನ್ನು ಎಳೆದುಕೊಂಡು ನೋಡಿದಳು. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹೆಂಗಸು ಅವಳು. ಆದರೆ ಈ ಸಲ ಬೈಯಲು ತನ್ನನ್ನು ಬಿಟ್ಟು ಯಾರೂ ಸಿಗಲಿಲ್ಲ.

ಕುಸಿಯುವಂತಿದ್ದ ಹಳೆಯ ವಠಾರ ಖಾಲಿ ಮಾಡಿಸಿ ಜನರನ್ನು ತಗಡಿನ ಶೆಡ್ಡುಗಳಿಗೆ ಸಾಗಿಸಿ ಮೂರು ತಿಂಗಳಾಗಿತ್ತು. ಬಂದವರ ಹೆಸರನ್ನು ಬಂದ ಹಾಗೆ ಕಂಪ್ಯೂಟರಿನ ಎಕ್ಸ್‌ಎಂಎಲ್ ಫೈಲಿಗೆ ಹಾಕಿದವಳು ಅವಳೇ. ಒಬ್ಬೊಬ್ಬರಿಗೂ ಒಂದೊಂದು ಟ್ಯಾಗು, ಅದರಲ್ಲಿ 'ಮನೆ' ಎನ್ನುವ ಅಟ್ರಿಬ್ಯೂಟು ಎಂಬ ಖಾನೆ, ಅದರೊಳಗೆ ಹಳೆಯ ಮನೆಯ ಸಂಖ್ಯೆ. ಗಂಡ ಬೆಳಿಗ್ಗೆ ಹೆಸರು ಬರೆಸಿದ್ದರೆ ಹೆಂಡತಿ ಸಂಜೆ, ಮಗ ಮರುದಿನ. ಹೀಗೆ ಚೆಲ್ಲಾಪಿಲ್ಲಿಯಾದವರನ್ನು ಕೂಡಿಸಲು ಒಂದು ಸ್ಟೈಲ್‌ಶೀಟು, ಅಂದರೆ ಫೈಲಿನಿಂದ ಪಟ್ಟಿ ತಯಾರಿಸುವ ಸೂಚನೆ, ಬರೆದಿದ್ದಳು: 'ಮನೆ' ಒಂದೇ ಆಗಿರುವವರನ್ನೆಲ್ಲ ಒಂದು ಗುಂಪು ಮಾಡು. ಇನ್ನೂರು ಜನ ರೆಪ್ಪೆ ಬಡಿಯುವಷ್ಟರಲ್ಲಿ ತಂತಮ್ಮವರ ಜೊತೆ ಸೇರಿಕೊಂಡಿದ್ದರು. ಗುಂಪಿಗೊಂದು ಶೆಡ್ಡು ಸಿಕ್ಕಿತ್ತು.

ಮೂವರಿಗೆ ಮಾತ್ರ ಮನೆಯೇ ಇರಲಿಲ್ಲ. ಮೆಟ್ಟಿಲ ಕೆಳಗೆ ಬದುಕಿದ್ದ ಇಸ್ತ್ರಿ ಅಜ್ಜಿ, ನೀರಿನ ಟ್ಯಾಂಕಿನ ಪಕ್ಕ ಮಲಗುತ್ತಿದ್ದ ಮುದಿ ವಾಚ್‌ಮನ್, ತಾರಸಿಯ ಮೂಲೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದ ದರ್ಜಿ ಹುಡುಗಿ. ಮೂವರ ಅಟ್ರಿಬ್ಯೂಟೂ ಖಾಲಿ. ಖಾಲಿಗೂ ಖಾಲಿಗೂ ಏನು ವ್ಯತ್ಯಾಸ? ಸ್ಟೈಲ್‌ಶೀಟು ಮೂವರನ್ನೂ ಒಂದೇ ಮನೆಯವರೆಂದು ಗಂಟು ಹಾಕಿತ್ತು.

"ಇವತ್ತೇ ಸರಿ ಮಾಡಿ," ಎಂದರು ವಿಷಯ ತಿಳಿದ ಸಾಹೇಬರು. "ಸರ್ಕಾರ ಕಟ್ಟಿಸಿರೋ ಹೊಸ ಮನೆ ಕುಟುಂಬಕ್ಕೆ ಮಾತ್ರ. ಒಂಟಿಯವರಿಗೆ ಹಾಸ್ಟೆಲು. ಮುದುಕಿ ಊರಾಚೆಯ ವೃದ್ಧಾಶ್ರಮಕ್ಕೆ."

ಒಂದು ಸಾಲು ತಿದ್ದಿದರೆ ಮೂವರೂ ಮೂರು ದಿಕ್ಕು. ಅವರಿಗೆ ಹೇಳದೆ ತಿದ್ದಲು ಕೈ ಬರಲಿಲ್ಲ. ಮಧ್ಯಾಹ್ನ ಶೆಡ್ಡಿಗೆ ನಡೆದಳು.

"ಬಾ ತಾಯಿ. ಮುಖ ಯಾಕೆ ಮುದುಡಿದ ಬಟ್ಟೆ ಥರ ಮಾಡ್ಕೊಂಡಿದೀಯ?" ಎಂದಳು ಅಜ್ಜಿ, ಇಸ್ತ್ರಿಪೆಟ್ಟಿಗೆ ಬದಿಗಿಟ್ಟು.

"ನೀವು ಒಂದೇ ಮನೆಯವರಲ್ಲ ಅಜ್ಜಿ. ನನ್ನ ತಪ್ಪಿಂದ ಸೇರ್ಕೊಂಡಿದೀರ."

"ನಮಗೇನು ಗೊತ್ತಿಲ್ವಾ?" ಈರುಳ್ಳಿ ಹೆಚ್ಚುತ್ತಿದ್ದ ವಾಚ್‌ಮನ್ ನಕ್ಕ. "ಮೊದಲ ವಾರ ಈಯಮ್ಮ ನನ್ನ ಗೊರಕೆಗೆ ಪೊರಕೆ ತೋರಿಸ್ತಿದ್ಲು."

"ಈಗೇನು ಪೊರಕೆ ಕಳೆದುಹೋಗಿದೆಯಾ?" ಎಂದಳು ಅಜ್ಜಿ.

"ಮತ್ತೆ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?" ಕಂಪ್ಯೂಟರಕ್ಕ ರೇಗಿದಳು.

ಹೊಲಿಗೆ ಮಿಷನ್ನು ನಿಂತಿತು. "ಹೇಳಿದ್ರೆ ಬೇರೆ ಮಾಡ್ತಿದ್ರಿ ಅಕ್ಕ," ಎಂದಳು ಹುಡುಗಿ ತಲೆ ಎತ್ತದೆ. "ನಂಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದವರು ಇವರೇ ಮೊದಲು."

ಕಂಪ್ಯೂಟರಕ್ಕನ ಸಿಟ್ಟು ಜರ್‍ರನೆ ಇಳಿಯಿತು. ಅಜ್ಜಿ ಕೇಳದೆಯೇ ನಾಲ್ಕನೆಯ ತಟ್ಟೆ ಇಟ್ಟಳು. ಒಂದೇ ಒಲೆ, ಒಂದೇ ಪಾತ್ರೆ. ತುತ್ತು ಬಾಯಿಗಿಟ್ಟಾಗ ನೆನಪಾಯಿತು: ಮನೆ ಹಂಚಿಕೆಯ ನಿಯಮದ ಮೊದಲ ಪುಟವನ್ನು ಟೈಪು ಮಾಡಿದವಳು ತಾನೇ ಅಲ್ಲವೇ? 'ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರು ಒಂದು ಕುಟುಂಬ.' ರಕ್ತಸಂಬಂಧದ ಮಾತೇ ಅದರಲ್ಲಿರಲಿಲ್ಲ.

ಕೈ ತೊಳೆದವಳೇ ಹೋಗಿ, ನಿಯಮ ತೋರಿಸಿ ಸಾಹೇಬರನ್ನು ಕುರ್ಚಿಯಿಂದ ಎಬ್ಬಿಸಿಕೊಂಡು ಬಂದಳು. ಅವರು ಗೊಣಗುತ್ತ ಶೆಡ್ಡಿನೊಳಗೆ ಬಗ್ಗಿ ಮೂಲೆಮೂಲೆ ನೋಡಿದರು. ಎರಡನೆಯ ಒಲೆ ಸಿಗಲಿಲ್ಲ.

"ಒಂದೇ ಕುಟುಂಬ ಅಂತ ಬರ್ಕೊಳ್ಳಿ ಹಾಗಾದ್ರೆ," ಎಂದು ಸಹಿ ಹಾಕಿದರು.

ವಠಾರದ ಕೊನೆಯ ಮನೆ ಅರವತ್ತೊಂದು. ಮೂವರ ಅಟ್ರಿಬ್ಯೂಟಿನಲ್ಲೂ ಅವಳು ಅರವತ್ತೆರಡು ಎಂದು ತುಂಬಿದಳು. ಇನ್ನು ಮೇಲೆ ಖಾಲಿ ಇದ್ದವರನ್ನು ಗುಂಪಿಗೆ ಸೇರಿಸದಂತೆ ಸ್ಟೈಲ್‌ಶೀಟನ್ನೂ ತಿದ್ದಿದಳು. ಫೈಲಿನ ಮೇಲೆ ಅದನ್ನು ಮತ್ತೆ ಓಡಿಸಿದಳು. ಪಟ್ಟಿ ಬಂತು. ಮೂವರೂ ಒಟ್ಟಿಗೇ ಇದ್ದರು.

ಸಂಜೆ ಸುದ್ದಿ ಕೇಳಿ ವಾಚ್‌ಮನ್ ಅಜ್ಜಿಯ ಕಡೆ ತಿರುಗಿದ. "ಹೊಸ ಮನೇಲಿ ಎರಡು ರೂಮಂತೆ. ಇನ್ನು ನನ್ನ ಗೊರಕೆಗೇ ಒಂದು ರೂಮು, ನೀನು ನೆಮ್ಮದಿಯಾಗಿ ಮಲ್ಕೋ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬಾಗಿಲು ತೆಗೆದಿಟ್ಟೇ ಮಲ್ಕೋ, ಮುದುಕ. ಆ ಸದ್ದಿಲ್ದೆ ಈಗ ನಂಗೆ ನಿದ್ದೆ ಹತ್ತಲ್ಲ."