ನೀಲಿ ಕಂಡಿಕೆ

ಅಪ್ಪ ನೇಯುತ್ತಿದ್ದ ಹಸಿರು ಸೀರೆಯಲ್ಲಿ ಮತ್ತೆ ಬೆರಳಗಲ ನೀಲಿ ಬಂದಿತ್ತು. ಸಕ್ಕರೆ ಕಾಯಿಲೆಯವರ ಕಣ್ಣು ಸದ್ದಿಲ್ಲದೆ ಹೋಗುತ್ತದೆ ಎಂದು ಆಶಾ ಕಾರ್ಯಕರ್ತೆ ಹೇಳಿದಂದಿನಿಂದ ನನ್ನ ಜೀವ ಕೈಯಲ್ಲೇ ಇತ್ತು. ಅಪ್ಪನಿಗೆ ಆ ಕಾಯಿಲೆ ಹಳೆಯದು. ಆದರೆ ನಮ್ಮಪ್ಪ, ಈ ಗೋಪಣ್ಣನೆಂಬ ಮಹಾಶಯ, ಕಣ್ಣಿನ ಮಾತೆತ್ತಿದರೆ ಕಿವುಡ.

"ಕೈ ತಪ್ಪೇತಿ, ಅಷ್ಟ," ಎಂದ.

"ಕೈ ಅಲ್ಲ, ಕಣ್ಣು ತಪ್ಪೇತಿ. ನಾಳೆ ಕಣ್ಣಿನ ಶಿಬಿರಕ್ಕ ನಡಿ," ಎಂದು ರೇಗಿದೆ.

ನಮ್ಮ ಮನೆಯಲ್ಲಿ ಅಪ್ಪ ಮಗ್ಗದ ಕುಣಿಯಿಂದ ಏಳದೆ ಕೈ ಚಾಚುತ್ತಾನೆ. ಅವ್ವ ನೂಲು ಸುತ್ತಿದ ಕಂಡಿಕೆಯನ್ನು ಅವನ ಅಂಗೈಗಿಡುತ್ತಾಳೆ, ಅದು ಲಾಳಿಗೆ ಸೇರುತ್ತದೆ. ಯಾವ ಬಣ್ಣವೆಂದು ಅವನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ.

ಮರುದಿನ ಬೆಟಗೇರಿಯ ಸಮುದಾಯ ಭವನದಲ್ಲಿ ಅಪ್ಪನ ಕಣ್ಣಿಗೆ ಹನಿ ಹಾಕಿ, ಯಂತ್ರದ ಮುಂದೆ ಗದ್ದ ಇಡಿಸಿ, ಕಣ್ಣಿನೊಳಗಿನ ಫೋಟೋ ತೆಗೆದರು.

"ಇವರ ಕಣ್ಣು ಛಲೋ ಅದಾವು. ವರ್ಷಕ್ಕೊಮ್ಮೆ ತೋರಸ್ರಿ," ಎಂದರು ಡಾಕ್ಟರ್.

ಹಗುರಾಗಬೇಕಿದ್ದ ಎದೆ ಹಗುರಾಗಲಿಲ್ಲ. ಅಪ್ಪನನ್ನು ಪಕ್ಕಕ್ಕೆ ಎಳೆದೆ. "ಹಂಗಾರ ನೀಲಿ ಯಾಕ ಹಾಕಿದಿ?"

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಬೆಂಚಿನ ಮೇಲೆ, ನಮ್ಮ ಜೊತೆ ಬಂದಿದ್ದ ಅವ್ವ ಕೂತಿದ್ದಳು.

"ಆಕಿ ಕೊಟ್ಟದ್ದ ಹಾಕಿದೆ. ನೀಲಿ ಅಂತ ನನಗ ಕಾಣತಿತ್ತು. ವಾಪಸ್ ಕೊಟ್ರ ತನ್ನ ಕಣ್ಣು ಮಂಜಾಗ್ಯಾವ ಅಂತ ಆಕಿಗೆ ಗೊತ್ತಾಗತೈತಲ್ಲ... ಹೆದರಿಕಿ ಆತು."

"ಯಾವಾಗಿಂದ?"

"ದೀಪಾವಳಿಯಿಂದ."

ಈಗ ಹೋಳಿ ಹುಣ್ಣಿಮೆ ಮುಗಿದಿತ್ತು. ಅವ್ವನನ್ನು ಎಬ್ಬಿಸಿ ತಪಾಸಣೆಯ ಮೇಜಿಗೆ ಕರೆದೊಯ್ದೆ. ಅಪ್ಪನ ಗುಳಿಗೆ, ಅಪ್ಪನ ಪಥ್ಯ ಎಂದು ಓಡಾಡಿದ ಅವ್ವನ ರಕ್ತ ಪರೀಕ್ಷೆಯನ್ನು ಯಾರೂ ಮಾಡಿಸಿರಲಿಲ್ಲ.

"ನನಗೇನಾಗೇತಿ? ಸಂಜೀಕ ಸ್ವಲ್ಪ ಮಂಜು, ಅಷ್ಟ," ಎಂದು ಅವ್ವ ಗೊಣಗುತ್ತಲೇ ಬೆರಳು ಕೊಟ್ಟಳು. ಸಕ್ಕರೆ ಅಪ್ಪನಿಗಿಂತ ಹೆಚ್ಚಿತ್ತು. ಫೋಟೋದಲ್ಲಿ ಎರಡೂ ಕಣ್ಣುಗಳ ಒಳಗೆ ರಕ್ತದ ಚುಕ್ಕೆಗಳು.

ಡಾಕ್ಟರ್ ಕುರ್ಚಿ ಹತ್ತಿರ ಎಳೆದುಕೊಂಡರು. "ಜಲ್ದಿ ಲೇಸರ್ ಮಾಡಿಸ್ರಿ. ಇದ್ದ ದೃಷ್ಟಿ ಉಳಸಾಕ ನೋಡೋಣು. ಹೋದದ್ದು ತಿರುಗಿ ಬರೂದು ಕಷ್ಟ."

ಹೊರಗೆ ಬಂದಾಗ ಹನಿ ಹಾಕಿದ ಇಬ್ಬರ ಕಣ್ಣಿಗೂ ಬಿಸಿಲು ಚುಚ್ಚುತ್ತಿತ್ತು. ಮೆಟ್ಟಿಲಿಳಿಸಲು ಇಬ್ಬರ ಕೈಯನ್ನೂ ನಾನೇ ಹಿಡಿದೆ. ಅಪ್ಪ ಅಲ್ಲೇ ನಿಂತು, ನೀಲಿಯ ಸಂಗತಿಯನ್ನು ಅವ್ವನಿಗೆ ಹೇಳಿಬಿಟ್ಟ.

ಅವ್ವ ಅಳಲಿಲ್ಲ, ಬೈಯಲಿಲ್ಲ. ಅವನ ಮುಖ ಇದ್ದ ಕಡೆ ತಿರುಗಿದಳು.

"ಅವತ್ತ ಆ ಕಂಡಿಕಿ ನನ್ನ ಕೈಯಾಗ ವಾಪಸ್ ಇಟ್ಟಿದ್ರ, ಅವತ್ತ ಡಾಕ್ಟರ್ ಕಡೆ ಬರತಿದ್ನಲ್ರೀ."