ಏಳನೇ ಜಿಂಕೆಯ ವಲಸೆ

ಜಿಂಕೆಗಳ ವಲಸೆಯ ಬಗ್ಗೆ ಗಂಡ ಭಾಷಣ ಬಿಗಿಯುತ್ತಿದ್ದರೆ, ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿಗೆ ಆಕಳಿಕೆ ತಡೆಯುವುದೇ ಕಷ್ಟವಾಗಿತ್ತು. ಮನೆಯಲ್ಲಿ ತನ್ನ ಚಪ್ಪಲಿ ಹುಡುಕಿಕೊಳ್ಳಲಾರದ ಮಹಾನುಭಾವ, ಜಿಂಕೆಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಲೋಕಕ್ಕೆಲ್ಲ ದಾರಿ ತೋರಿಸಲು ಹೊರಟಿದ್ದ.

"ಈ ಏಳನೇ ಜಿಂಕೆ ನೋಡಿ," ಎಂದು ಅವನು ಪರದೆಯ ಮೇಲಿನ ಕೆಂಪು ಗೆರೆ ತೋರಿಸಿದ. "ಹಿಂಡೆಲ್ಲ ಬೆಟ್ಟ ಹತ್ತಿದ್ರೂ ಇದೊಂದು ಊರಿಗೆ ಇಳೀತು. ದಿನಾ ಸಂಜೆ ಸೇತುವೆ ದಾಟಿ ಕೆರೆ ಪಕ್ಕ ಹೋಗುತ್ತೆ. ಆಮೇಲೆ ಬಂದು ನಮ್ಮ ಬೀದೀಲೇ ಮಲಗುತ್ತೆ. ಇಂಥ ವಲಸೆ ಜಗತ್ತಲ್ಲೇ ಮೊದಲು!"

ಸಭೆ ಚಪ್ಪಾಳೆ ತಟ್ಟಿತು. ಹೆಂಡತಿಯ ಆಕಳಿಕೆ ನಿಂತಿತು. ಕೆರೆ ಪಕ್ಕ ಇರುವುದು ಇಸ್ಪೀಟ್ ಕ್ಲಬ್ಬು. ಕಾಡಿನಲ್ಲಿ ಕಳಚಿ ಬಿದ್ದಿದ್ದ ಪಟ್ಟಿಯನ್ನು ಈ ಪುಣ್ಯಾತ್ಮ ಎಷ್ಟನೇದೆಂದೂ ನೋಡದೆ ಜೀಪಿನ ಸೀಟಿನಡಿ ಎಸೆದು ಮರೆತಿದ್ದ. ನಿನ್ನೆ ತರಕಾರಿ ಚೀಲ ಇಡುವಾಗ ಅವಳೇ ನೋಡಿದ್ದಳು: ಅದರ ಮೇಲೆ ಏಳು ಎಂದು ಬರೆದಿತ್ತು, ದೀಪ ಇನ್ನೂ ಮಿನುಗುತ್ತಿತ್ತು.

ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ಅವಳೇ ಮೊದಲು ಎದ್ದಳು.

"ರೀ, ಆ ಜಿಂಕೆ ಮನೆಗೆ ಬಂದು, ಕಾಡು ಸುತ್ತಿ ಸುತ್ತಿ ಸಾಕಾಯ್ತು ಕಣೇ ಅಂತ ಕಾಲು ಒತ್ತಿಸ್ಕೊಳ್ಳುತ್ತಲ್ಲ, ಅದೂ ವಲಸೆ ಲಕ್ಷಣಾನಾ?"