ನೈದಿಲೆಯ ನೂಲು

ನಾನು ಹನಗೋಡಿನ ಜವರಯ್ಯ. ಒಂದು ಸಲ ತಾವರೆ ಎಲೆಯ ಮೇಲೆ ಮಲಗಿದವನು ಲಕ್ಷ್ಮಣತೀರ್ಥದಲ್ಲಿ ತೇಲಿಕೊಂಡು ಹೋಗಿ ಕೆ.ಆರ್. ನಗರದ ಹತ್ತಿರ ಎದ್ದೆ. ವಾಪಸ್ ಬರುವಾಗ ಕಂಡಕ್ಟರು ಎಲೆಗೂ ಟಿಕೆಟ್ ಕೊಟ್ಟ. ನಂಬದವರಿಗೆ, "ನನ್ನ ಹೆಂಡ್ತೀನ ಕೇಳ್ರಪ್ಪ" ಅನ್ನುತ್ತಿದ್ದೆ. ಚಿಕ್ಕಬೀರಮ್ಮ ತಲೆಯೆತ್ತದೆ ಹೇಳುತ್ತಿದ್ದಳು:

"ನಾನ್ ಸುಳ್ಳೇಳಾಕಿಲ್ಲ ಕಣ್ರೀ. ಈವಯ್ಯ ಅವತ್ತು ಜಗಲಿ ಮ್ಯಾಲೆ ಗೊರ್ಕೆ ಒಡೀತಿದ್ದ."

ತಲೆಯೆತ್ತಲು ಅವಳಿಗೆ ಪುರಸೊತ್ತೆಲ್ಲಿತ್ತು? ಅವಳದು ತಾವರೆ ನೂಲು ತೆಗೆಯುವ ಕೆಲಸ. ನಾನು ಕೆರೆಯಲ್ಲಿ ಎದೆಮಟ್ಟದ ನೀರಲ್ಲಿ ನಿಂತು ದಂಟು ಕೊಯ್ದು ತರುತ್ತಿದ್ದೆ. ಅವಳು ನಾಲ್ಕೈದು ದಂಟು ಸೇರಿಸಿ, ಚಾಕುವಿನಿಂದ ಗೀರಿ, ಮುರಿದು ಎಳೆಯುತ್ತಿದ್ದಳು. ನಡುವೆ ಜೇಡನ ಬಲೆಯಂಥ ಎಳೆಗಳು ಹೊರಡುತ್ತಿದ್ದವು. ಒದ್ದೆ ಮಣೆಯ ಮೇಲೆ ಅಂಗೈಯಲ್ಲಿ ಹೊಸೆದರೆ ನೂಲು. ದಂಟು ಒಣಗುವುದರೊಳಗೆ, ಅದೇ ದಿನ, ಮುಗಿಯಬೇಕು. ಹುಣಸೂರಿನ ನಟರಾಜು ಅದನ್ನು ಮಗ್ಗಕ್ಕೆ ಹಾಕಿ ಬಟ್ಟೆ ನೇಯುತ್ತಿದ್ದ. ರೇಷ್ಮೆಯಂತೆ ಹುಳು ಸಾಯಿಸಬೇಕಿಲ್ಲ, ಹತ್ತಿಯಂತೆ ಗಿಡಕ್ಕೆ ಔಷಧಿ ಹೊಡೆಯಬೇಕಿಲ್ಲ, ಕೊಯ್ದಷ್ಟೂ ಚಿಗುರುತ್ತದೆ.

ಮಿಕ್ಕ ತುಂಡುಗಳ ನೂಲನ್ನು ಅವಳು ಬೇರೆ ಎತ್ತಿಡುತ್ತಿದ್ದಳು. ಯಾಕೆ ಅಂದೆ.

"ನಿಂಗೊಂದು ವಲ್ಲಿ. ಇಷ್ಟ್ ವರ್ಸ ನೀರಲ್ ನಿಂತಿದ್ದೀಯ, ಬೆನ್ ಮ್ಯಾಕೆ ಬೆಚ್ಚಗೆ ಏನಾರ ಬ್ಯಾಡ್ವಾ?"

ಹೊದೆಯುವ ಆ ವಲ್ಲಿ ಮಗ್ಗದ ಮೇಲಿತ್ತು. ಇನ್ನೊಂದು ಗೇಣು ನೇಯಲು ನೂಲು ಸಾಲದು ಎಂದು ನಟರಾಜು ಹೇಳಿ ಕಳಿಸಿದ. ಆಗಲೇ ಅವಳ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಮೈಸೂರಿನ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದರು.

"ಆ ಗೇಣುದ್ದ ಮುಗ್ಸೇ ಓಗದು ನಾನು," ಎಂದಳು. "ದಂಟು ತಂದ್ಕೊಡು."

ಕೆರೆಗೆ ಹೋದರೆ ಹೂಳೆತ್ತುವ ಮಿಷನ್ನು ನಿಂತಿತ್ತು. ತಾವರೆಯೆಲ್ಲ ಬೇರು ಸಮೇತ ಏರಿಯ ಮೇಲೆ ಒಣಗಿ ಬಿದ್ದಿತ್ತು. ಗಾವಡಗೆರೆ ಕಡೆ ಹೋದೆ, ಪಿರಿಯಾಪಟ್ಟಣದ ಕಡೆ ಹೋದೆ, ಬಸ್ ಹತ್ತಿ ಹ್ಯಾಂಡ್‌ಪೋಸ್ಟ್ ಊರಿನ ಆಚೆಗೂ ಹೋದೆ. ಕೊನೆಗೆ ಸಿಕ್ಕ ಕೆರೆಯಲ್ಲಿ ಇದ್ದದ್ದು ಬರೀ ನೈದಿಲೆ. ನೈದಿಲೆಯಲ್ಲಿ ನೂಲಿಲ್ಲ, ಸೌತೆಕಾಯಿಯಂತೆ ಲಟಕ್ಕೆಂದು ಮುರಿಯುತ್ತದೆ. ಆದರೂ ಬರಿಗೈಯಲ್ಲಿ ಮನೆಗೆ ಹೋಗಲಾಗಲಿಲ್ಲ. ಹೂವು ಕತ್ತರಿಸಿ, ದಂಟನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದೆ.

"ಯಾಕ್ ಇಷ್ಟೊತ್ತು?"

"ತಾವ್ರೆ ತೆಂಗಿನ್ ಮರದೆತ್ರ ಬೆಳ್ದವೆ ಕಣಮ್ಮಿ. ಏಣಿ ಆಕಿ ಕುಯ್ಯದ್ರೊಳ್ಗೆ ಸಾಕಾಯ್ತು."

ಅವಳು ದಂಟಿನ ಮೇಲೆ ಕೈಯಾಡಿಸಿದಳು. ತಾವರೆ ದಂಟಿಗೆ ಸಣ್ಣ ಮುಳ್ಳಿರುತ್ತದೆ. ಇದು ನುಣ್ಣಗಿತ್ತು. ಕೈ ಒಂದು ಗಳಿಗೆ ನಿಂತಿತು. ಆಮೇಲೆ ಗೀರಿ, ಮುರಿದು ಎಳೆದಳು. ಎರಡು ತುಂಡುಗಳ ನಡುವೆ ಏನೂ ಇರಲಿಲ್ಲ. ನಾನು ಮಾಡಿನ ಹೆಂಚು ನೋಡುತ್ತಾ ಬೈಗುಳಕ್ಕೆ ಕಾದೆ.

"ಅಬ್ಬಾ! ಎಷ್ಟ್ ಸಣ್ಣಗೆ ಬತ್ತಾದೆ ನೋಡು ಇವತ್ತು," ಎಂದಳು.

ಮಣೆಗೆ ನೀರು ಚಿಮುಕಿಸಿ, ಬರಿಯ ಮಣೆಯ ಮೇಲೆ ಅಂಗೈಯಿಟ್ಟು ಹೊಸೆದಳು.

"ಸುಮ್ಕೆ ಯಾಕ್ ನಿಂತಿದ್ದೀಯ? ಸುತ್ಕೊ. ಮೆತ್ತಗೆ. ಕಿತ್ತೋದಾದು."

ನೂಲು ಸುತ್ತುವ ಕಂಡಿಕೆ ಹಿಡಿದು ಕೂತೆ. ಅವಳು ಹೊಸೆದಳು, ನಾನು ಸುತ್ತಿದೆ. ದಂಟೆಲ್ಲ ಮುಗಿದವು.

"ಗೇಣಾಯ್ತಾ?"

"ಆಯ್ತು. ಮ್ಯಾಲ್ ನಾಕ್ ಬೆಳ್ಳುದ್ದ ಮಿಕ್ತು."

"ಬುಡು, ಸುಳ್ಳ," ಎಂದು ನಕ್ಕಳು. "ಕೆರೆ ಚೆಂದಾಗದಾ?"

"ಚೆಂದಾಗದೆ."

ಸರಿ ಎಂಬಂತೆ ತಲೆಯಾಡಿಸಿ ಕಣ್ಣು ಮುಚ್ಚಿದಳು. ಮತ್ತೆ ಮಣೆಯ ಮುಂದೆ ಕೂರಲಿಲ್ಲ. ಆ ವಾರವೇ ಹೋದಳು.

ತಿಥಿ ಮುಗಿಸಿ ಕಂಡಿಕೆಯನ್ನು ನಟರಾಜುವಿನ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದ.

"ಇದ್ರಲ್ ನೂಲೇ ಇಲ್ವಲ್ಲ ಜವರಣ್ಣ?"

"ಅವ್ಳು ತೆಗ್ದಿದ್ದು ಕಣ್ಲಾ. ಅವ್ಳು ಸುಳ್ಳೇಳಾಕಿಲ್ಲ."

ನನ್ನ ಮುಖ ನೋಡಿದ. ಕಂಡಿಕೆಯನ್ನು ಲಾಳಿಯೊಳಗಿಟ್ಟು ಮಗ್ಗ ತುಳಿದ. ಲಾಳಿ ಖಾಲಿಯಾಗಿಯೇ ಆ ಕಡೆಗೆ ಹೋಯಿತು, ಈ ಕಡೆಗೆ ಬಂತು. ಗೇಣುದ್ದ ಮುಗಿಯುವವರೆಗೂ ನೇಯ್ದ.

ಈಗ ವಲ್ಲಿ ನನ್ನ ಹೆಗಲ ಮೇಲಿದೆ. ಒಂದು ತುದಿಯಲ್ಲಿ ಗೇಣುದ್ದ, ಅಡ್ಡ ನೂಲಿಲ್ಲದೆ, ಬರೀ ಉದ್ದದ ಎಳೆಗಳು ಜೋತಾಡುತ್ತವೆ. ಯಾಕೆ ಅರ್ಧ ಬಿಟ್ಟರು ಎಂದು ಜನ ಕೇಳುತ್ತಾರೆ. ಪೂರ್ತಿ ನೇಯ್ದಿದೆ, ಸರಿಯಾಗಿ ನೋಡ್ರಪ್ಪ ಅನ್ನುತ್ತೇನೆ. ಅವರು ನಗುತ್ತಾರೆ. ನಂಬದಿದ್ದರೆ ನನ್ನ ಹೆಂಡ್ತೀನ ಕೇಳಿ ಎನ್ನಲು ಬಾಯಿ ತೆರೆಯುತ್ತೇನೆ.